ಆವರಣದ ಅಂಚಿನ ಜೀವಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ವರ್ಷದ ಮಿರಗದ ಮಳೆಯಿಂದ ಮಘೆ ಮಳೆಯವರೆಗೆ ನಮಗೆ ಬಂದ ಪತ್ರಗಳ ಪೈಕಿ ಹೆಚ್ಚಿನವು ಬೆಳಗಾವಿ ಮತ್ತು ಅದರ ಸುತ್ತಲಿನ ಕಾಲೇಜು, ಶಾಲೆ, ವಸತಿನಿಲಯಗಳ ಆವರಣಗಳಿಂದ ಬಂದವು. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಅವುಗಳಿಗೇ ಮೀಸಲಿಟ್ಟಿದ್ದೇವೆ. ಬೆಳಗಾವಿಯ ಓದುಗರಿಗೆ ಈ ವಿಷಯದಲ್ಲಿ ಒಂದು ಭಾಗ್ಯವಿದೆ. ಪಶ್ಚಿಮಕ್ಕೆ ಖಾನಾಪುರ, ಜಾಂಬೋಟಿ, ಕಣಕುಂಬಿಯ ಕಡೆ ಸಾಗಿದರೆ ಸಹ್ಯಾದ್ರಿಯ ದಟ್ಟ ಕಾಡು, ಪೂರ್ವಕ್ಕೆ ಬೈಲಹೊಂಗಲ, ಸವದತ್ತಿಯ ಕಡೆ ಸಾಗಿದರೆ ಎರೆಭೂಮಿಯ ಬಯಲು. ಇವೆರಡರ ನಡುವೆ, ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಊರಿನ ಒಂದೇ ಕಾಂಪೌಂಡಿನೊಳಗೆ ಎರಡೂ ಸೀಮೆಯ ಗಿಡ, ಹುಳು, ಹಕ್ಕಿ, ಅಣಬೆಗಳು ಕಾಣಸಿಗುತ್ತವೆ. ಗುರುತಿಸುವ ಕೆಲಸ ಇಲ್ಲಿ ಸ್ವಲ್ಪ ಕಠಿಣವಾಗುವುದೂ ಇದೇ ಕಾರಣಕ್ಕೆ.

ಪ್ರಶ್ನೆ: ನಾನು ನಗರದ ಹೊರವಲಯದ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದೇನೆ. ನಮ್ಮ ಆವರಣದ ಹಿಂದಿನ ಪಾಳು ಜಾಗದಲ್ಲಿ ಹಳದಿ ಹೂವಿನ ಗಿಡವೊಂದು ದಟ್ಟವಾಗಿ ಬೆಳೆದಿದೆ. ಮೊಬೈಲಿನ ಆ್ಯಪ್ ಒಂದು ಸಲ ಒಂದು ಹೆಸರನ್ನೂ ಇನ್ನೊಂದು ಸಲ ಬೇರೆ ಹೆಸರನ್ನೂ ತೋರಿಸುತ್ತದೆ. ನಮ್ಮ ಅಜ್ಜಿ ಅದನ್ನು ತಗಚಿ ಎನ್ನುತ್ತಾರೆ. ಯಾರ ಮಾತನ್ನು ನಂಬಬೇಕು? ನಾಲ್ಕು ಚಿತ್ರಗಳನ್ನು ಕಳಿಸಿದ್ದೇನೆ.
— ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ನಿಮ್ಮ ಅಜ್ಜಿಯವರ ಮಾತು ಸರಿಯೇ ಇರಬಹುದು, ಆದರೆ ನೀವು ಕಳಿಸಿದ ನಾಲ್ಕೂ ಚಿತ್ರಗಳಲ್ಲಿ ಹೂವು ಮಾತ್ರ ಇರುವುದರಿಂದ ಅದನ್ನು ಖಚಿತವಾಗಿ ಹೇಳಲಾಗುವುದಿಲ್ಲ. ಆ್ಯಪ್ ತಡವರಿಸುತ್ತಿರುವುದಕ್ಕೂ ಕಾರಣ ಇದೇ. ಈ ಗಿಡ ಸೇರಿದ ಸೆನ್ನಾ ಕುಲದಲ್ಲಿ, ಹಿಂದೆ ಕ್ಯಾಸಿಯಾ ಎಂದು ಕರೆಯುತ್ತಿದ್ದ ಗುಂಪಿನಲ್ಲಿ, ಐದು ಹಳದಿ ಎಸಳಿನ ಹೂವು ಬಹುತೇಕ ಎಲ್ಲದಕ್ಕೂ ಒಂದೇ ತೆರನಾಗಿರುತ್ತದೆ. ನಮ್ಮ ಕಣ್ಣು ಮೊದಲು ಹೋಗುವುದು ಹೂವಿನ ಕಡೆಗೆ, ಆದರೆ ಇಲ್ಲಿ ವ್ಯತ್ಯಾಸ ಅಡಗಿರುವುದು ಎಲೆ ಮತ್ತು ಕಾಯಿಯಲ್ಲಿ.

ನಾಳೆ ಅದೇ ಜಾಗಕ್ಕೆ ಹೋಗಿ ಒಂದು ಎಲೆಯನ್ನು ಬುಡದಿಂದ ತುದಿಯವರೆಗೆ ನೋಡಿ. ಕಿರುಎಲೆಗಳು ಮೂರು ಜೊತೆ ಇದ್ದು, ತುದಿ ಮೊಂಡಾಗಿದ್ದು, ಕೆಳಗಿನ ಜೊತೆಗಳ ನಡುವೆ ಸಣ್ಣ ಕಡ್ಡಿಯಂಥ ಗ್ರಂಥಿ ಕಂಡುಬಂದು, ಕಾಯಿ ತೆಳ್ಳಗೆ ಉದ್ದವಾಗಿ ಬಾಗಿದ್ದರೆ ಅದು ತಗಚೆ. ಅದರಲ್ಲಿಯೂ ಗ್ರಂಥಿಗಳು ಕೆಳಗಿನ ಎರಡು ಜೊತೆಗಳ ನಡುವೆ ಇದ್ದರೆ ಸೆನ್ನಾ ಟೋರಾ, ಎಲ್ಲಕ್ಕಿಂತ ಕೆಳಗಿನ ಜೊತೆಯ ನಡುವೆ ಒಂದೇ ಇದ್ದು ಕಾಯಿಯ ತೊಟ್ಟು ಉದ್ದವಾಗಿದ್ದರೆ ಅದರ ದಾಯಾದಿಯಾದ ಸೆನ್ನಾ ಆಬ್ಟುಸಿಫೋಲಿಯಾ. ಕಿರುಎಲೆಗಳು ನಾಲ್ಕರಿಂದ ಆರು ಜೊತೆ ಇದ್ದು, ತುದಿ ಚೂಪಾಗಿದ್ದು, ಗ್ರಂಥಿ ಎಲೆತೊಟ್ಟಿನ ಬುಡದಲ್ಲೇ ಇದ್ದು, ಕಾಯಿ ಚಪ್ಪಟೆಯಾಗಿ ಅಂಚಿನಲ್ಲಿ ತಿಳಿಬಣ್ಣದ ಗೆರೆ ಇದ್ದರೆ ಅದು ಸೆನ್ನಾ ಆಕ್ಸಿಡೆಂಟಾಲಿಸ್. ಇನ್ನು, ಗಿಡದ ಮೈಯೆಲ್ಲ ರೋಮದಿಂದ ಕೂಡಿ, ಗಿಡ್ಡನೆಯ ಕಾಯಿಗಳು ನೆಟ್ಟಗೆ ನಿಂತು, ಬೀಜಬೀಜದ ನಡುವೆ ಒತ್ತಿ ಹಿಡಿದಂತೆ ಗೆರೆ ಬಿದ್ದಿದ್ದರೆ ಅದು ಸೆನ್ನಾ ಯೂನಿಫ್ಲೋರಾ. ಈ ಕೊನೆಯದು ಅಮೆರಿಕ ಖಂಡದ ಮೂಲದ್ದು. ಧಾರವಾಡದ ಸುತ್ತಮುತ್ತ ಕಾಂಗ್ರೆಸ್ ಕಸವನ್ನು ಹತ್ತಿಕ್ಕಲೆಂದು ಇದನ್ನು ಬೆಳೆಸಿ ನೋಡಲಾಗಿತ್ತು, ಈಗ ಉತ್ತರ ಕರ್ನಾಟಕದ ರಸ್ತೆಬದಿಗಳಲ್ಲಿ ತಾನೇ ಹರಡಿಕೊಂಡಿದೆ.

ಈ ವ್ಯತ್ಯಾಸಗಳು ಪರೀಕ್ಷೆಯ ಅಂಕಗಳಿಗಷ್ಟೇ ಬೇಕಾದವಲ್ಲ. ತಗಚೆಯ ಎಳೆಸೊಪ್ಪನ್ನು ಮಳೆಗಾಲದಲ್ಲಿ ಪಲ್ಯ ಮಾಡುವ ರೂಢಿ ನಮ್ಮಲ್ಲಿದೆ. ಆದರೆ ಸೆನ್ನಾ ಆಕ್ಸಿಡೆಂಟಾಲಿಸ್ ಗಿಡದ ಬೀಜ ತಿಂದ ಮಕ್ಕಳು ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಯಕೃತ್ತು, ಸ್ನಾಯು ಮತ್ತು ಮಿದುಳಿಗೆ ಪೆಟ್ಟಾಗಿ ಸತ್ತದ್ದು ದಾಖಲಾಗಿದೆ. ಒಂದೇ ಹೆಸರಿನಡಿ ಎರಡನ್ನೂ ಸೇರಿಸಿಬಿಟ್ಟರೆ ಎಂಥ ಅನಾಹುತವಾಗಬಹುದೆಂದು ಯೋಚಿಸಿ.

ಆ್ಯಪ್‌ಗಳನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಅವು ಹೇಳಿದ್ದನ್ನು ಊಹೆಯೆಂದು ಬರೆದುಕೊಂಡು, ಆಮೇಲೆ ಗಿಡದ ಬಳಿ ಕುಳಿತು ಆ ಊಹೆಯನ್ನು ಪರೀಕ್ಷಿಸಬೇಕು. ಇಡೀ ಗಿಡ, ಎಲೆಯ ಮೇಲ್ಮೈ ಮತ್ತು ಕೆಳಮೈ, ಎಲೆ ಕಾಂಡಕ್ಕೆ ಸೇರುವ ಜಾಗ, ಹೂವು ಮುಂದಿನಿಂದ ಮತ್ತು ಪಕ್ಕದಿಂದ, ಕಾಯಿ, ಪಕ್ಕದಲ್ಲಿಟ್ಟ ಅಳತೆಪಟ್ಟಿ: ಇಷ್ಟು ಚಿತ್ರಗಳಿದ್ದರೆ ಆ್ಯಪ್ ಕೂಡ ಅಷ್ಟು ತಡವರಿಸುವುದಿಲ್ಲ. ಸಂಜೆ ಒಂದು ಸಲ ಹೋಗಿ ಬನ್ನಿ. ತಗಚೆಯ ಕಿರುಎಲೆಗಳು ಕತ್ತಲಾಗುತ್ತಲೇ ಜೋಡಿಜೋಡಿಯಾಗಿ ಮಡಚಿಕೊಳ್ಳುವುದನ್ನು ಕಣ್ಣಾರೆ ನೋಡಬಹುದು. ಹಗಲಿನಲ್ಲಿ ಹಳದಿ ಚಿಟ್ಟೆಗಳು ಅದರ ಎಲೆಯ ಮೇಲೆ ಒಂದೊಂದೇ ಮೊಟ್ಟೆ ಇಡುತ್ತಿದ್ದರೆ ಅದನ್ನೂ ಬರೆದಿಡಿ.

ಪ್ರಶ್ನೆ: ನಮ್ಮ ವಸತಿನಿಲಯದ ಹಿಂದಿನ ಹುತ್ತದ ಬಳಿ ಬಿಳಿ ಅಣಬೆಗಳು ಎದ್ದಿವೆ. ಮುಂದಿನ ಹುಲ್ಲುಹಾಸಿನಲ್ಲಿಯೂ ಅಂಥವೇ ದೊಡ್ಡ ಅಣಬೆಗಳು ಎದ್ದಿವೆ. ಖಾನಾಪುರದ ಕಡೆಯ ಗೆಳೆಯರು ಹುತ್ತದ ಅಣಬೆಯನ್ನು ಊರಲ್ಲಿ ತಿನ್ನುತ್ತಾರಂತೆ, ಎರಡನ್ನೂ ಕಿತ್ತು ಅಡುಗೆ ಮಾಡೋಣ ಎನ್ನುತ್ತಿದ್ದಾರೆ. ಅರಿಸಿಣ ಹಾಕಿ ಬೇಯಿಸಿದಾಗ ಬಣ್ಣ ಬದಲಾಗದಿದ್ದರೆ ವಿಷವಿಲ್ಲ ಎಂಬುದು ನಿಜವೇ?
— ಸ್ನಾತಕೋತ್ತರ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಮೊದಲು ಕೊನೆಯ ಮಾತಿಗೆ ಉತ್ತರ: ನಿಜವಲ್ಲ. ಅರಿಸಿಣದ ಪರೀಕ್ಷೆ, ಬೆಳ್ಳಿ ನಾಣ್ಯದ ಪರೀಕ್ಷೆ, ಬೆಳ್ಳುಳ್ಳಿ ಕಪ್ಪಾಗುವ ಪರೀಕ್ಷೆ, ಹುಳು ತಿಂದಿದ್ದರೆ ಮನುಷ್ಯರೂ ತಿನ್ನಬಹುದೆಂಬ ನಂಬಿಕೆ, ಇವುಗಳಲ್ಲಿ ಒಂದೂ ವಿಷದ ಅಣಬೆಯನ್ನು ಬೇರ್ಪಡಿಸಲಾರದು. ಕೆಲವು ವಿಷಗಳು ಬೇಯಿಸಿದರೂ ಹೋಗುವುದಿಲ್ಲ. ತಿಂದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ವಾಂತಿ ಭೇದಿಯಾದರೆ ಜನ ಹೆದರಿ ಆಸ್ಪತ್ರೆಗೆ ಓಡುತ್ತಾರೆ. ಆದರೆ ಯಕೃತ್ತನ್ನು ಕೆಡಿಸುವ ಅಮಾಟಾಕ್ಸಿನ್ ಎಂಬ ವಿಷವಿರುವ ಅಣಬೆಗಳಲ್ಲಿ ಆರು ಗಂಟೆ, ಕೆಲವೊಮ್ಮೆ ಅದಕ್ಕೂ ಬಹಳ ಹೆಚ್ಚು ಹೊತ್ತು, ಏನೂ ಗೊತ್ತಾಗುವುದಿಲ್ಲ. ತಡವಾಗಿ ಕಾಣುವ ಲಕ್ಷಣವೇ ಹೆಚ್ಚು ಅಪಾಯದ್ದು.

ಈಗ ನಿಮ್ಮ ಎರಡು ಅಣಬೆಗಳ ವಿಚಾರ. ಹುತ್ತದ ಬಳಿ ಏಳುವುದು ಟರ್ಮಿಟೋಮೈಸಿಸ್ ಕುಲಕ್ಕೆ ಸೇರಿರುವ ಸಂಭವ ಬಹಳ. ಗೆದ್ದಲು ಹುಳುಗಳು ಒಣ ಎಲೆ, ಕಟ್ಟಿಗೆಯ ಚೂರುಗಳನ್ನು ತಂದು, ನೆಲದೊಳಗೆ ಜೇನುಗೂಡಿನಂಥ ಗೂಡು ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸುತ್ತವೆ. ತಾವು ಜೀರ್ಣಿಸಿಕೊಳ್ಳಲಾಗದ ಕಟ್ಟಿಗೆಯ ಅಂಶವನ್ನು ಅದು ಮೆತ್ತಗೆ ಮಾಡುತ್ತದೆ, ಹುಳುಗಳು ಅದನ್ನು ಉಣ್ಣುತ್ತವೆ. ಮಳೆ ಬಂದಾಗ ಆ ಗೂಡಿನಿಂದಲೇ ಅಣಬೆ ಮೇಲೆದ್ದು ಬರುತ್ತದೆ. ಹೀಗಾಗಿ ಇದರ ಕಾಂಡ ನೆಲದ ಮಟ್ಟದಲ್ಲಿ ಮುಗಿಯದೆ ಬೇರಿನಂತೆ ಆಳಕ್ಕೆ ಇಳಿದಿರುತ್ತದೆ, ಮಣ್ಣನ್ನು ಸೀಳಿಕೊಂಡು ಬರಬೇಕಾದ್ದರಿಂದ ಕೊಡೆಯ ನಡುವೆ ಗಟ್ಟಿಯಾದ ಮೊನೆ ಇರುತ್ತದೆ. ಮೇಲಿನಿಂದ ಕಿತ್ತರೆ ಈ ಬೇರಿನ ಭಾಗ ನೆಲದಲ್ಲೇ ತುಂಡಾಗಿ ಉಳಿದು, ಗುರುತಿಸಲು ಬೇಕಾದ ಮುಖ್ಯ ಸಾಕ್ಷಿಯೇ ಹೋಗಿಬಿಡುತ್ತದೆ. ಆದ್ದರಿಂದ ಯಾವುದೇ ಅಣಬೆಯನ್ನು ಅಭ್ಯಾಸಕ್ಕೆ ತೆಗೆಯುವಾಗ ಚಾಕುವಿನಿಂದ ಸುತ್ತಲಿನ ಮಣ್ಣು ಸಡಿಲಿಸಿ ಬುಡಸಹಿತ ಎತ್ತಬೇಕು. ಬುಡದಲ್ಲಿ ಚೀಲದಂಥ ಹೊದಿಕೆ ಇದ್ದರೆ ಅದು ಅಮಾನಿಟಾ ಕುಲದ್ದಾಗಿರಬಹುದು, ಆ ಕುಲದಲ್ಲಿ ಪ್ರಾಣಾಂತಕವಾದವು ಇವೆ.

ಹುಲ್ಲುಹಾಸಿನಲ್ಲಿ ಎದ್ದಿರುವುದು ಬೇರೆ. ಅಂಗೈಯಗಲದ ಬಿಳಿ ಕೊಡೆ, ಅದರ ಮೇಲೆ ಕಂದುಬಣ್ಣದ ಹೊಟ್ಟಿನಂಥ ಚೂರುಗಳು, ಕಾಂಡದ ಮೇಲೆ ಸರಿದಾಡುವ ಉಂಗುರ ಎಂದು ನೀವು ವರ್ಣಿಸಿದ್ದೀರಿ. ಇದು ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಆಗಿರುವ ಸಂಭವ ಹೆಚ್ಚು, ಮತ್ತು ಇದು ವಿಷದ್ದು. ತಿಂದವರಿಗೆ ತೀವ್ರ ವಾಂತಿ ಭೇದಿ ಆಗುತ್ತದೆ. ಎಳೆಯದಿದ್ದಾಗ ಇದರ ಕೊಡೆಯ ಅಡಿಯ ಪದರುಗಳು ಬೆಳ್ಳಗೇ ಇರುವುದರಿಂದ ಅನೇಕರು ಮೋಸಹೋಗುತ್ತಾರೆ.

ಸಂಶಯ ಕಳೆಯಲು ಒಂದು ಸರಳ ಪ್ರಯೋಗವನ್ನು ನಿಮ್ಮ ಕೋಣೆಯಲ್ಲೇ ಮಾಡಬಹುದು. ಅರ್ಧ ಬಿಳಿ, ಅರ್ಧ ಕಪ್ಪು ಕಾಗದವನ್ನು ಜೋಡಿಸಿಡಿ. ಬಲಿತ ಅಣಬೆಯ ಕಾಂಡ ಕತ್ತರಿಸಿ, ಕೊಡೆಯನ್ನು ಪದರು ಕೆಳಗಾಗುವಂತೆ ಎರಡೂ ಬಣ್ಣಗಳ ಮೇಲೆ ಬರುವ ಹಾಗೆ ಇಟ್ಟು, ಮೇಲೊಂದು ಬೋಗುಣಿ ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಎತ್ತಿದರೆ ಉದುರಿದ ಬೀಜಕಗಳಿಂದ ಕಾಗದದ ಮೇಲೆ ಪದರುಗಳ ಚಿತ್ತಾರವೇ ಮೂಡಿರುತ್ತದೆ. ಹುತ್ತದ ಅಣಬೆಯದು ನಸುಗುಲಾಬಿ ಛಾಯೆಯ ಅಚ್ಚು, ಹುಲ್ಲುಹಾಸಿನದು ಮಾಸಲು ಹಸಿರು. ಈ ಹಸಿರು ಬಣ್ಣ ಅಣಬೆಗಳಲ್ಲಿ ಬಹಳ ಅಪರೂಪ, ಆದ್ದರಿಂದ ಇದು ಬಲವಾದ ಸಾಕ್ಷಿ. ಅಣಬೆಯನ್ನು ಮುಟ್ಟಿದ ಮಾತ್ರಕ್ಕೆ ವಿಷ ಏರುವುದಿಲ್ಲ. ಕೈ ತೊಳೆದುಕೊಂಡರೆ ಸಾಕು.

ಆದರೂ, ಈ ಪ್ರಯೋಗ ತಿನ್ನಲು ಪರವಾನಗಿಯಲ್ಲ. ಹಳ್ಳಿಯ ಹಿರಿಯರು ಇಂಥದೇ ಹುತ್ತ, ಇಂಥದೇ ಮಳೆ ಎಂದು ಹತ್ತಾರು ವರ್ಷ ನೋಡಿ ಆರಿಸುತ್ತಾರೆ. ಅವರ ಆ ತಿಳಿವಳಿಕೆ ಅವರ ನೆಲಕ್ಕೆ ಅಂಟಿಕೊಂಡದ್ದು. ನಿಮ್ಮ ಗೆಳೆಯರು ಅದನ್ನು ಊರಿನಿಂದ ತಂದು ವಸತಿನಿಲಯದ ಹುಲ್ಲುಹಾಸಿಗೆ ಅನ್ವಯಿಸಿದರೆ ಕೆಲಸಕ್ಕೆ ಬರುವುದಿಲ್ಲ. ಪುಸ್ತಕ ನೋಡಿ, ಚಿತ್ರ ಹೋಲಿಸಿ, ಆ್ಯಪ್ ಕೇಳಿ ಗುರುತಿಸಿದ ಅಣಬೆಯನ್ನು ದಯವಿಟ್ಟು ಯಾರೂ ಬಾಯಿಗೆ ಹಾಕಬೇಡಿ. ಯಾರಾದರೂ ಆಗಲೇ ತಿಂದಿದ್ದರೆ ಲಕ್ಷಣಕ್ಕಾಗಿ ಕಾಯದೆ, ಉಳಿದ ಅಣಬೆಯ ಚೂರನ್ನು ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಮೊದಲ ಮಳೆಯ ಮರುದಿನ ನಮ್ಮ ಶಾಲೆಯ ಅಂಗಳದಲ್ಲಿ ಕೆಂಪು ಮಖಮಲ್ಲಿನಂಥ ಹುಳುಗಳು ಕಂಡವು. ಎರಡು ಮೂರು ದಿನಗಳಲ್ಲಿ ಒಂದೂ ಇಲ್ಲ. ಮಕ್ಕಳು ಅವು ಎಲ್ಲಿಗೆ ಹೋದವು ಎಂದು ಕೇಳುತ್ತಾರೆ.
— ಶಿಕ್ಷಕಿ, ಬೈಲಹೊಂಗಲ

ಉತ್ತರ: ನಮ್ಮ ಕಡೆ ಮಿರಗದ ಹುಳ ಎಂದು ಕರೆಯುವ, ಕಾವ್ಯಗಳಲ್ಲಿ ಇಂದ್ರಗೋಪವೆಂದು ಬರುವ ಜೀವಿ ಇದು. ಮಕ್ಕಳಿಗೆ ಮೊದಲು ಅದರ ಕಾಲುಗಳನ್ನು ಎಣಿಸಲು ಹೇಳಿ. ಎಂಟು ಕಾಲುಗಳಿರುತ್ತವೆ; ಅಂದರೆ ಇದು ಆರು ಕಾಲಿನ ಕೀಟವಲ್ಲ, ಜೇಡ, ಚೇಳು, ಉಣ್ಣೆಗಳ ಬಳಗದ್ದು. ವರ್ಷದ ಬಹುಭಾಗ ಇದು ಮಣ್ಣಿನೊಳಗೇ ಇದ್ದು, ನೆಲ ತೊಯ್ದಾಗ ಜೊತೆಗಾರರನ್ನೂ ಆಹಾರವನ್ನೂ ಹುಡುಕಿಕೊಂಡು ಮೇಲೆ ಬರುತ್ತದೆ, ಮತ್ತೆ ಮಣ್ಣಿಗೇ ಇಳಿಯುತ್ತದೆ. ಮರಿಯಾಗಿದ್ದಾಗ ಮಿಡತೆಯಂಥ ಕೀಟಗಳ ಮೈಗೆ ಅಂಟಿಕೊಂಡು ಬದುಕುತ್ತದೆ, ದೊಡ್ಡದಾದ ಮೇಲೆ ಗೆದ್ದಲು ಮತ್ತು ಕೀಟಗಳ ಮೊಟ್ಟೆಗಳನ್ನು ತಿನ್ನುತ್ತದೆ. ಬೆಂಕಿಪೊಟ್ಟಣದಲ್ಲಿ ಇಟ್ಟುಕೊಳ್ಳುವ ಆಟವನ್ನು ಮಕ್ಕಳಿಂದ ಬಿಡಿಸಿ, ಅದರ ಬದಲು ಮೊದಲ ಹುಳ ಕಂಡ ದಿನಾಂಕವನ್ನು ತರಗತಿಯ ಗೋಡೆಯ ಮೇಲೆ ಬರೆಸಿ. ಮಿರಗದ ಮಳೆ ಪಂಚಾಂಗದ ಪ್ರಕಾರ ಜೂನ್ ಮೊದಲ ವಾರದ ಕೊನೆಗೆ ಹೂಡುತ್ತದೆ. ಹುಳ ಅದನ್ನು ಎಷ್ಟು ದಿನ ಮುಂಚೆ ಅಥವಾ ತಡವಾಗಿ ಅನುಸರಿಸಿತು ಎಂಬುದನ್ನು ವರ್ಷವರ್ಷವೂ ಹೋಲಿಸುವುದು ಒಳ್ಳೆಯ ವಿಜ್ಞಾನದ ಪಾಠ.

ಪ್ರಶ್ನೆ: ಸಿಬ್ಬಂದಿ ವಸತಿಗೃಹದ ಗೋಡೆಯ ಮೇಲೆ ರಾತ್ರಿ ಕಂದುಗಪ್ಪು ಬಣ್ಣದ, ಬಿಳಿ ಪಟ್ಟೆಗಳಿರುವ ಹಾವು ಕಂಡಿತು. ಒಬ್ಬರು ಕಡಂಬಳ ಎಂದರು, ಇನ್ನೊಬ್ಬರು ವಿಷವಿಲ್ಲದ್ದೆಂದರು. ಕೊಂದುಬಿಟ್ಟರು. ಮುಂದೆ ಹೇಗೆ ಗುರುತಿಸಬೇಕು?
— ಗೃಹಿಣಿ, ಬೆಳಗಾವಿ

ಉತ್ತರ: ಚಿತ್ರದಲ್ಲಿ ಸತ್ತ ಹಾವಿನ ಪಟ್ಟೆಗಳು ಕುತ್ತಿಗೆಯಿಂದಲೇ ಅಗಲವಾಗಿ ಶುರುವಾಗಿ ಬಾಲದ ಕಡೆಗೆ ಮಸುಕಾಗುತ್ತ ಹೋಗಿವೆ, ತಲೆ ಚಪ್ಪಟೆಯಾಗಿದೆ. ಇದು ವಿಷವಿಲ್ಲದ ತೋಳಹಾವು. ಗೋಡೆ ಹತ್ತುವುದರಲ್ಲಿ ನಿಸ್ಸೀಮ, ಮನೆಯ ಹಲ್ಲಿಗಳನ್ನು ತಿನ್ನಲು ಬರುತ್ತದೆ. ಕಡಂಬಳ, ಅಂದರೆ ಕಟ್ಟುಹಾವು, ಹೊಳೆಯುವ ಕಪ್ಪುಬಣ್ಣದ್ದು; ಅದರ ಬಿಳಿ ಗೆರೆಗಳು ತೆಳ್ಳಗಿದ್ದು ಸಾಮಾನ್ಯವಾಗಿ ಜೋಡಿಜೋಡಿಯಾಗಿರುತ್ತವೆ, ತಲೆಯಿಂದ ಸ್ವಲ್ಪ ದೂರದಲ್ಲಿ ಶುರುವಾಗಿ ಬಾಲದ ಕಡೆಗೆ ಹೆಚ್ಚು ಸ್ಪಷ್ಟವಾಗುತ್ತವೆ. ಬೆನ್ನಿನ ನಡುಸಾಲಿನ ಹುರುಪೆಗಳು ಉಳಿದವುಗಳಿಗಿಂತ ದೊಡ್ಡದಾಗಿ ಆರು ಮೂಲೆಯವಾಗಿರುತ್ತವೆ ಎಂಬುದು ಖಚಿತವಾದ ಗುರುತು, ಆದರೆ ಅದನ್ನು ನೋಡುವಷ್ಟು ಹತ್ತಿರ ಯಾರೂ ಹೋಗಬಾರದು.

ಹಾವಿನ ವಿಷಯದಲ್ಲಿ ನನ್ನ ಸಲಹೆ ಗಿಡಗಳ ವಿಷಯಕ್ಕಿಂತ ಬೇರೆ. ಇಲ್ಲಿ ಗುರುತಿಸುವುದಕ್ಕಿಂತ ದೂರ ನಿಲ್ಲುವುದು ಮೊದಲು. ಮರಿ ಹಾವುಗಳಲ್ಲಿ ಪಟ್ಟೆಯ ನಿಯಮ ತಪ್ಪಬಹುದು, ಟಾರ್ಚಿನ ಬೆಳಕಿನಲ್ಲಿ ಬಣ್ಣ ಮೋಸ ಮಾಡಬಹುದು. ದೂರದಿಂದ ಫೋನಿನಲ್ಲಿ ಚಿತ್ರ ತೆಗೆದು, ಒಬ್ಬರು ಹಾವಿನ ಮೇಲೆ ಕಣ್ಣಿಟ್ಟಿರುವಾಗ ಇನ್ನೊಬ್ಬರು ಹಾವು ಹಿಡಿಯುವ ಅನುಭವಿಗಳನ್ನೋ ಅರಣ್ಯ ಇಲಾಖೆಯವರನ್ನೋ ಕರೆಯಬೇಕು. ಕಡಂಬಳ ರಾತ್ರಿ ಸಂಚರಿಸುವ ಹಾವು. ನೆಲದ ಮೇಲೆ ಮಲಗಿದವರನ್ನು ಕಚ್ಚಿದಾಗ ನೋವು, ಬಾವು ಅಷ್ಟಾಗಿ ಇರದೆ, ಇರುವೆ ಕಚ್ಚಿತೆಂದು ಮಲಗಿಬಿಡುವವರಿದ್ದಾರೆ. ನಸುಕಿನಲ್ಲಿ ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು, ಉಸಿರಾಟದ ತೊಂದರೆ ಕಂಡರೆ ಒಂದು ಕ್ಷಣವೂ ತಡಮಾಡದೆ 108ಕ್ಕೆ ಕರೆ ಮಾಡಿ. ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷವು ನಾಗರಹಾವು, ಕಡಂಬಳ, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಸೇರಿ ತಯಾರಿಸಿದ್ದು, ಆದ್ದರಿಂದ ಹಾವನ್ನು ಕೊಂದು ತರಬೇಕಾದ ಅಗತ್ಯವೇ ಇಲ್ಲ. ಮಂಚದ ಮೇಲೆ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆಯೊಳಗೆ ಮಲಗುವುದು ಇದರಿಂದ ಪಾರಾಗಲು ಒಳ್ಳೆಯ ಉಪಾಯ.

ಪ್ರಶ್ನೆ: ಆವರಣದ ಕಾಂಗ್ರೆಸ್ ಕಸದ ಎಲೆಗಳನ್ನೆಲ್ಲ ಕೆನೆಬಣ್ಣದ ಮೇಲೆ ಕಂದು ಗೆರೆಗಳಿರುವ ಪುಟ್ಟ ದುಂಬಿಗಳು ತಿಂದುಹಾಕಿವೆ. ಇವು ತೋಟಕ್ಕೂ ಬರಬಹುದೇ? ಔಷಧಿ ಹೊಡೆಸಬೇಕೇ?
— ತೋಟದ ಮೇಲ್ವಿಚಾರಕರು, ಬೆಳಗಾವಿ

ಉತ್ತರ: ಹೊಡೆಸಬೇಡಿ. ಇದು ಜೈಗೋಗ್ರಾಮಾ ಬೈಕಲರೇಟಾ ಎಂಬ ಮೆಕ್ಸಿಕೋ ಮೂಲದ ದುಂಬಿ. 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಸ, ದೇಶದ ತುಂಬ ಹಬ್ಬಿದ ಮೇಲೆ, ಅದನ್ನು ತಿನ್ನುವ ಈ ದುಂಬಿಯನ್ನು 1983ರಲ್ಲಿ ತರಿಸಿ, ಪರೀಕ್ಷೆಗಳನ್ನು ನಡೆಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಬೇಸಿಗೆಯಲ್ಲಿ ಇದು ಮಣ್ಣಿನೊಳಗೆ ಸುಮ್ಮನಿದ್ದು ಮಳೆಯೊಂದಿಗೆ ಏಳುತ್ತದೆ. ಸೂರ್ಯಕಾಂತಿಯ ಎಲೆಯನ್ನೂ ಇದು ತಿಂದದ್ದು ಕಂಡಾಗ ರೈತರಲ್ಲಿ ಆತಂಕ ಹುಟ್ಟಿತ್ತು. ಪಕ್ಕದ ಪಾರ್ಥೇನಿಯಂ ಹೂವಿನ ಪರಾಗ ಸೂರ್ಯಕಾಂತಿಯ ಎಲೆಯ ಮೇಲೆ ಉದುರಿದಾಗ ಅದರ ವಾಸನೆಗೆ ದುಂಬಿ ಬರುತ್ತದೆಂಬುದು ಆಮೇಲಿನ ಅಧ್ಯಯನಗಳಲ್ಲಿ ಗೊತ್ತಾಯಿತು. ಒಂದು ಗಿಡಕ್ಕೆ ಎಷ್ಟು ದುಂಬಿ, ಯಾವ ತಿಂಗಳಿನಲ್ಲಿ ಎಷ್ಟು ಎಲೆ ಉಳಿಯಿತು ಎಂದು ಎಣಿಸಿಟ್ಟರೆ ನಿಮ್ಮ ಕಾಲೇಜಿನ ವಿದ್ಯಾರ್ಥಿಗಳಿಗೆ ಒಂದು ವರ್ಷದ ಪ್ರಾಜೆಕ್ಟ್ ಸಿದ್ಧವಾದಂತೆಯೇ.

ಪ್ರಶ್ನೆ: ವಾಕಿಂಗ್ ದಾರಿಯ ಕೆಸರಿನಲ್ಲಿ ದೊಡ್ಡ ಹೆಜ್ಜೆಗುರುತು ಕಂಡು ಚಿರತೆ ಬಂದಿದೆಯೆಂದು ವಸತಿನಿಲಯದ ಹುಡುಗಿಯರು ಹೆದರಿದ್ದಾರೆ. ಚಿತ್ರ ಕಳಿಸಿದ್ದೇವೆ.
— ವಸತಿನಿಲಯದ ಪಾಲಕಿ, ಬೆಳಗಾವಿ

ಉತ್ತರ: ಹೆದರಿಕೆ ಸಹಜವೇ. 2022ರ ಆಗಸ್ಟ್‌ನಲ್ಲಿ ಜಾಧವನಗರ ಮತ್ತು ಗಾಲ್ಫ್ ಮೈದಾನದ ಭಾಗದಲ್ಲಿ ಚಿರತೆ ಕಾಣಿಸಿಕೊಂಡು, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟು, ಸಕ್ರೆಬೈಲಿನಿಂದ ಆನೆಗಳನ್ನು ಕರೆಸಿ ಹುಡುಕಿದ್ದನ್ನು ಬೆಳಗಾವಿಯವರು ಮರೆತಿಲ್ಲ. ಆದರೆ ನೀವು ಕಳಿಸಿದ ಗುರುತಿನಲ್ಲಿ ನಾಲ್ಕೂ ಬೆರಳುಗಳ ಮುಂದೆ ಉಗುರಿನ ತೂತುಗಳು ಎದ್ದು ಕಾಣುತ್ತಿವೆ, ಮತ್ತು ಬೆರಳು ಹಾಗೂ ಅಂಗಾಲಿನ ನಡುವಿನ ಜಾಗದಲ್ಲಿ ಗುಣಾಕಾರದ ಚಿಹ್ನೆ ಬರೆದರೆ ಅದು ಯಾವುದಕ್ಕೂ ತಾಗದೆ ಹಾದುಹೋಗುತ್ತದೆ. ಇದು ದೊಡ್ಡ ನಾಯಿಯ ಹೆಜ್ಜೆ. ಚಿರತೆ ನಡೆಯುವಾಗ ಉಗುರನ್ನು ಒಳಗೆಳೆದುಕೊಂಡಿರುತ್ತದೆ. ಬೆರಳುಗಳು ಒಂದಕ್ಕೊಂದು ಸಮನಾಗಿರದೆ ಒಂದು ತುಸು ಮುಂದೆ ಇರುತ್ತದೆ, ಅಂಗಾಲಿನ ಹಿಂಬದಿಯ ಅಂಚಿನಲ್ಲಿ ಮೂರು ಉಬ್ಬುಗಳು ಮೂಡುತ್ತವೆ. ಸಾಕುಬೆಕ್ಕಿನ ಹೆಜ್ಜೆಯೂ ಇದೇ ಮಾದರಿಯದು, ಆದರೆ ಅಗಲ ಮೂರು ಸೆಂಟಿಮೀಟರಿನ ಆಸುಪಾಸು ಮಾತ್ರ.

ಕೆಸರು ಹಿಗ್ಗಿದರೆ ಯಾವ ಹೆಜ್ಜೆಯೂ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಒಂದೇ ಗುರುತನ್ನು ನೋಡಿ ತೀರ್ಮಾನಿಸದೆ, ಸಾಲಾಗಿ ನಾಲ್ಕೈದನ್ನು ನೋಡಬೇಕು, ಪಕ್ಕದಲ್ಲಿ ಅಳತೆಪಟ್ಟಿ ಅಥವಾ ನಾಣ್ಯ ಇಟ್ಟು ನೇರ ಮೇಲಿನಿಂದ ಚಿತ್ರ ತೆಗೆಯಬೇಕು. ಉಗುರಿಲ್ಲದ, ಏಳೆಂಟು ಸೆಂಟಿಮೀಟರ್ ಅಗಲದ ಗುರುತು ಎಂದಾದರೂ ಕಂಡರೆ ಅದರ ಮೇಲೆ ಬುಟ್ಟಿ ಮುಚ್ಚಿ, ವಲಯ ಅರಣ್ಯ ಕಚೇರಿಗೆ ತಿಳಿಸಿ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಡುವುದು ಆಮೇಲೂ ಬೇಡ.

ಪ್ರಶ್ನೆ: ಆಟದ ಮೈದಾನದ ಅಂಚಿನ ಬರಿನೆಲದಲ್ಲಿ ಚುಕ್ಕೆಗಳಿರುವ ನಾಲ್ಕು ಮೊಟ್ಟೆಗಳಿವೆ. ಹತ್ತಿರ ಹೋದರೆ ಎರಡು ಹಕ್ಕಿಗಳು ತಲೆಯ ಮೇಲೆ ಕೂಗುತ್ತ ಹಾರುತ್ತವೆ. ಮೊಟ್ಟೆಗಳನ್ನು ಸುರಕ್ಷಿತ ಜಾಗಕ್ಕೆ ಸರಿಸಬಹುದೇ?
— ದೈಹಿಕ ಶಿಕ್ಷಣ ಶಿಕ್ಷಕರು, ಕಿತ್ತೂರು

ಉತ್ತರ: ದಯವಿಟ್ಟು ಸರಿಸಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅದನ್ನು ಒಪ್ಪುವುದಿಲ್ಲ, ಸರಿಸಿದ ಮೊಟ್ಟೆಗಳನ್ನು ತಾಯಿ ಹುಡುಕಿಕೊಂಡು ಬರುವುದೂ ಇಲ್ಲ. ಇದು ಟಿಟ್ಟಿಭ. ಕಣ್ಣಿನ ಮುಂದೆ ಕೆಂಪು ತೊಗಲು, ಕಪ್ಪು ಎದೆ ಇದ್ದರೆ ಕೆಂಪು ಟಿಟ್ಟಿಭ. ಹಳದಿ ತೊಗಲು, ಕಪ್ಪು ಟೊಪ್ಪಿಗೆಯಂಥ ನೆತ್ತಿ, ಕಂದು ಎದೆ ಇದ್ದರೆ ಹಳದಿ ಟಿಟ್ಟಿಭ. ಗೂಡು ಕಟ್ಟದಿರುವುದೇ ಇವುಗಳ ರಕ್ಷಣೆಯ ಉಪಾಯ, ಏಕೆಂದರೆ ಹರಳುಗಳ ನಡುವೆ ಮೊಟ್ಟೆಯೂ ಹರಳಿನಂತೆಯೇ ಕಾಣುತ್ತದೆ. ಕಾವು ಸುಮಾರು 28ರಿಂದ 30 ದಿನ, ಮರಿಗಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಓಡಾಡತೊಡಗುತ್ತವೆ. ಒಂದು ತಿಂಗಳ ಮಟ್ಟಿಗೆ ಆಟದ ಗೆರೆಯನ್ನು ಹದಿನೈದು ಹೆಜ್ಜೆ ಆಚೆ ಎಳೆಯಿರಿ. ಪದೇಪದೇ ನೋಡಲು ಹೋದರೆ ಕಾಗೆ ಮತ್ತು ನಾಯಿಗಳಿಗೆ ನೀವೇ ದಾರಿ ತೋರಿಸಿದಂತಾಗುತ್ತದೆ.

ಪ್ರಶ್ನೆ: ಆವರಣದ ಮಾವಿನ ಮರಗಳ ತೊಗಟೆಯ ಮೇಲೆ ಬೂದುಹಸಿರು ಕಲೆಗಳು ಹಬ್ಬಿವೆ. ಇದು ರೋಗವೇ?
— ಓದುಗರು, ಖಾನಾಪುರ

ಉತ್ತರ: ರೋಗವಲ್ಲ. ಅದು ಕಲ್ಲುಹೂವು, ಮಸಾಲೆಯಲ್ಲಿ ನಾವು ಬಳಸುವ ಕಲ್ಲುಹೂವು ಕೂಡ ಇದೇ ಬಳಗದ್ದು. ಹೆಸರಿನಲ್ಲಿ ಹೂವಿದ್ದರೂ ಇದು ಗಿಡವಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸುತ್ತದೆ, ಶಿಲೀಂಧ್ರ ಅದಕ್ಕೆ ನೆಲೆ ಕೊಟ್ಟು ನೀರನ್ನು ಹಿಡಿದಿಡುತ್ತದೆ. ತೊಗಟೆಯನ್ನು ಅದು ಕೇವಲ ಆಸರೆಯಾಗಿ ಬಳಸುತ್ತದೆ, ಮರದ ರಸ ಹೀರುವುದಿಲ್ಲ. ಗಂಧಕದ ಹೊಗೆ ಹೆಚ್ಚಿರುವಲ್ಲಿ ಹಲವು ಬಗೆಯ ಕಲ್ಲುಹೂವುಗಳು ಉಳಿಯುವುದಿಲ್ಲ, ಆದ್ದರಿಂದ ಹೆದ್ದಾರಿಯ ಪಕ್ಕದ ಮರಗಳಲ್ಲಿ ಎಷ್ಟು ಬಗೆ, ಒಳಗಿನ ಮರಗಳಲ್ಲಿ ಎಷ್ಟು ಬಗೆ ಎಂದು ಎಣಿಸಿ ನೋಡಿ. ಸುಣ್ಣ ಬಳಿದು ಒರೆಸಿ ತೆಗೆಯುವ ಕೆಲಸವನ್ನು ಮಾತ್ರ ಮಾಡಿಸಬೇಡಿ.

ಪ್ರಶ್ನೆ: ನಾವು ಏಳು ಜನ ಸೇರಿ ಕಾಲೇಜು ಆವರಣದ ಜೀವಿಗಳ ಪಟ್ಟಿ ಶುರುಮಾಡಿದ್ದೇವೆ. 40 ಸಾಲುಗಳಾಗಿವೆ, ಆದರೆ ಅವುಗಳಲ್ಲಿ 11ಕ್ಕೆ ಹೆಸರೇ ಸಿಕ್ಕಿಲ್ಲ. ಹೆಸರಿಲ್ಲದವುಗಳನ್ನು ತೆಗೆದುಹಾಕಬೇಕೇ? ಪಟ್ಟಿಯ ಪ್ರತಿಯನ್ನು ಲಗತ್ತಿಸಿದ್ದೇವೆ.
— ವಿದ್ಯಾರ್ಥಿಗಳ ತಂಡ, ಬೆಳಗಾವಿ

ಉತ್ತರ: ತೆಗೆದುಹಾಕಬೇಡಿ. ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ, ಮತ್ತು ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸಿದ್ದು ಆ ಹೆಸರಿಲ್ಲದ ಹನ್ನೊಂದು ಸಾಲುಗಳೇ. ಹೆಸರು ಗೊತ್ತಿದ್ದ ಕಡೆ ನೀವು 'ಬೇವು', 'ಹೊಂಗೆ', 'ನವಿಲು' ಎಂದು ಒಂದೇ ಪದ ಬರೆದು ಮುಂದೆ ಹೋಗಿದ್ದೀರಿ. ಹೆಸರು ಗೊತ್ತಿಲ್ಲದ ಕಡೆ ಎಲ್ಲಿ ಕಂಡಿತು, ಯಾವತ್ತು, ಯಾವುದರ ಮೇಲೆ, ಎಷ್ಟು ಎತ್ತರ ಎಂದು ತುಂಬ ಬರೆದಿದ್ದೀರಿ. ಎಲ್ಲ ಸಾಲುಗಳನ್ನೂ ಹೀಗೆಯೇ ಬರೆಯಿರಿ. ಬೇವು ಎಂದು ಹೂಬಿಟ್ಟಿತು, ಹೊಂಗೆ ಎಂದು ಚಿಗುರಿತು ಎಂಬುದು ನಮ್ಮ ಜಿಲ್ಲೆಯ ಮಟ್ಟಿಗೆ ಇಂದಿಗೂ ಬೇಕಾದ ಮಾಹಿತಿ. ಮರಗಳ ಚಿಗುರು, ಹೂ, ಕಾಯಿಗಳನ್ನು ವಾರಕ್ಕೊಮ್ಮೆ ನೋಡಿ ದಾಖಲಿಸುವ ಸೀಸನ್‌ವಾಚ್ ಎಂಬ ಕಾರ್ಯಕ್ರಮಕ್ಕೆ ನೀವು ಸೇರಬಹುದು; ಫೆಬ್ರುವರಿಯಲ್ಲಿ ನಡೆಯುವ ಕ್ಯಾಂಪಸ್ ಹಕ್ಕಿ ಎಣಿಕೆಯಲ್ಲಿ ನಾಲ್ಕು ದಿನ ಭಾಗವಹಿಸಬಹುದು. ದಿನಾಂಕದ ಪಕ್ಕದಲ್ಲಿ ಮಳೆಯ ನಕ್ಷತ್ರವನ್ನೂ ಬರೆಯಿರೆಂಬುದು ನನ್ನ ವೈಯಕ್ತಿಕ ಸಲಹೆ. 'ಆರಿದ್ರಾದಲ್ಲಿ ಎದ್ದಿತು', 'ಹುಬ್ಬೆಯಲ್ಲಿ ಹೂಬಿಟ್ಟಿತು' ಎಂದರೆ ಸುತ್ತಲಿನ ಹಳ್ಳಿಗಳ ಹಿರಿಯರು ತಕ್ಷಣ ತಮ್ಮ ನೆನಪನ್ನು ಅದಕ್ಕೆ ಜೋಡಿಸುತ್ತಾರೆ. ಅವರಿಂದ ಕೇಳಿದ ಊರಿನ ಹೆಸರನ್ನು, ಯಾವ ಊರಿನಲ್ಲಿ ಕೇಳಿದಿರಿ ಎಂಬುದರೊಂದಿಗೆ ಬರೆದಿಡಿ.

ಹಳೆಯ ದಾಖಲೆಗಳೊಂದಿಗೆ ಹೋಲಿಸಲು ಬಯಸಿದರೆ ಒಂದು ಮಾತು ತಿಳಿದಿರಲಿ: ಬೆಳಗಾವಿ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ, ಇಲ್ಲಿನ ಗಿಡಗಳ ಹಳೆಯ ಉಲ್ಲೇಖಗಳು ಮೈಸೂರಿನ ಪುಸ್ತಕಗಳಲ್ಲಿ ಸಿಗುವುದಿಲ್ಲ; ಥಿಯೋಡೋರ್ ಕುಕ್ ಅವರು 1901ರಿಂದ 1908ರವರೆಗೆ ಪ್ರಕಟಿಸಿದ ಮುಂಬಯಿ ಪ್ರಾಂತ್ಯದ ಸಸ್ಯಸಂಪುಟಗಳಲ್ಲಿ ಬೆಳಗಾವಿಯ ಹೆಸರನ್ನು ಹುಡುಕಬೇಕು. ಒಣಗಿಸಿಟ್ಟ ಗಿಡಗಳ ದೊಡ್ಡ ಸಂಗ್ರಹ ನಮಗೆ ಹತ್ತಿರವೆಂದರೆ ಪುಣೆಯಲ್ಲಿರುವ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ಪ್ರಾದೇಶಿಕ ಕೇಂದ್ರದ್ದು.

ಇನ್ನು ನಿಮ್ಮ ಪಟ್ಟಿಯ 31ನೇ ಸಾಲು: 'ಹೆಸರು ಗೊತ್ತಿಲ್ಲ, ಜಂಬಿಟ್ಟಿಗೆ ನೆಲದ ಹುಲ್ಲಿನ ನಡುವೆ, ನೆಲಕ್ಕೆ ಒತ್ತಿಕೊಂಡ ದುಂಡನೆಯ ಒಂದೇ ಎಲೆ, ಗೇಣುದ್ದದ ದಂಟಿನ ಮೇಲೆ ಬಿಳಿ ಹೂ, ಜೂನ್ 24.' ಇಷ್ಟನ್ನು ಬರೆದಿದ್ದರಿಂದಲೇ, ಚಿತ್ರವಿಲ್ಲದಿದ್ದರೂ, ಇದು ಹಬೆನೇರಿಯಾ ಗ್ರಾಂಡಿಫ್ಲೋರಿಫಾರ್ಮಿಸ್ ಎಂಬ ನೆಲದ ಆರ್ಕಿಡ್ ಇರಬಹುದೆಂದು ಹೇಳಲು ನನಗೆ ಸಾಧ್ಯವಾಗಿದೆ. ಮಳೆಗಾಲದ ಮೊದಲ ವಾರಗಳಲ್ಲಿ ಮಾತ್ರ ಹೂಬಿಟ್ಟು, ಉಳಿದ ವರ್ಷವನ್ನು ಇದು ನೆಲದೊಳಗಿನ ಗೆಡ್ಡೆಯಾಗಿ ಕಳೆಯುತ್ತದೆ. ಸದ್ಯಕ್ಕೆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ. ಆ ಜಾಗಕ್ಕೆ ಈಗಲೇ ನಾಲ್ಕು ಕಲ್ಲುಗಳ ಗುರುತಿಟ್ಟು, ಗೆಡ್ಡೆ ಅಗೆಯದೆ, ಮುಂದಿನ ಮಿರಗ ಮುಗಿಯುವ ಹೊತ್ತಿಗೆ ಅಲ್ಲಿಗೆ ಹೋಗಿ. ಹೂವನ್ನು ಪಕ್ಕದಿಂದ ನೋಡಿ, ಹಿಂಬದಿಯಲ್ಲಿ ಬಾಲದಂಥ ಉದ್ದನೆಯ ನಳಿಗೆ ಇದೆಯೇ, ಕೆಳಗಿನ ಎಸಳು ಮೂರಾಗಿ ಸೀಳಿದೆಯೇ ಎಂದು ನಮಗೆ ಬರೆಯಿರಿ.